ಬಿ200: ಬಲ ಎಂಜಿನ್ ಸ್ಟಾರ್ಟ್ ಮಾಡುವಾಗ ಐಟಿಟಿ 900 ದಾಟುತ್ತಿದೆ

ಪ್ರಶ್ನೆ:
ಕಿಂಗ್ ಏರ್ ಬಿ200 ಅವಳಿ ಟರ್ಬೊಪ್ರಾಪ್ ವಿಮಾನ, ಪಿಟಿ6ಎ-42 ಎಂಜಿನ್‌ಗಳು. ಬೆಳಗಿನ ಮೊದಲ ಸ್ಟಾರ್ಟ್‌ನಲ್ಲಿ ಬಲ ಎಂಜಿನ್ನಿನ ಐಟಿಟಿ (ಟರ್ಬೈನ್‌ಗಳ ನಡುವಿನ ಅನಿಲದ ತಾಪ) 760 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು. ಇಳಿದು ಅರ್ಧ ಗಂಟೆ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿದರೆ 910. ಎಡದ್ದು 780 ದಾಟುವುದೇ ಇಲ್ಲ. ಯಾವಾಗಲೂ ಬಲದ್ದನ್ನೇ ಮೊದಲು, ಬ್ಯಾಟರಿಯಿಂದಲೇ ಸ್ಟಾರ್ಟ್ ಮಾಡುವುದು. ಸ್ಟಾರ್ಟ್‌ಗೆ ಇರುವ 1000 ಡಿಗ್ರಿ, 5 ಸೆಕೆಂಡ್ ಮಿತಿಯೊಳಗೇ ಇದೆ. ಆದರೂ ಇಂಧನ ಸಿಂಪಡಿಸುವ ನಾಝಲ್ ಬಿಚ್ಚಿಸಬೇಕೇ?

ಉತ್ತರ 1:
ಈಗಲೇ ಏನೂ ಬಿಚ್ಚಬೇಡಿ. ಮುಂದಿನ ಸಲ ಎಡದ್ದನ್ನು ಮೊದಲು ಸ್ಟಾರ್ಟ್ ಮಾಡಿ ನೋಡಿ. ಬಿಸಿ ಎಡಕ್ಕೆ ಹೋದರೆ ತಪ್ಪು ಬ್ಯಾಟರಿಯದು. ಬಲದಲ್ಲೇ ಉಳಿದರೆ ಆ ಎಂಜಿನ್ನಿನದು ಅಥವಾ ಅದರ ಸ್ಟಾರ್ಟರ್‌ನದು, ಬ್ರಶ್ ಸವೆದಿದ್ದರೂ ಹೀಗಾಗುತ್ತದೆ. ಎರಡನೇ ಎಂಜಿನ್‌ಗೆ ಮೊದಲನೆಯದರ ಜನರೇಟರ್ ಕೈಹಿಡಿಯುವುದರಿಂದ ಅದು ಸದಾ ತಂಪಾಗಿಯೇ ಕಾಣುತ್ತದೆ. ಸ್ಟಾರ್ಟರ್ ಒತ್ತುವ ಮೊದಲು 23 ವೋಲ್ಟ್ ಇದೆಯೆಂದು ನಂಬಿ ಕೂರಬೇಡಿ. ಒತ್ತಿದ ಮೇಲೆ ಎಷ್ಟಕ್ಕೆ ಕುಸಿಯುತ್ತದೆ, ಎನ್1 (ಎಂಜಿನ್ನಿನ ಕಂಪ್ರೆಸರ್ ತಿರುಗುವ ವೇಗ, ಶೇಕಡಾದಲ್ಲಿ) ಎಷ್ಟು ಚುರುಕಾಗಿ ಏರುತ್ತದೆ ಎನ್ನುವುದೇ ಮುಖ್ಯ. ಎನ್1 ನಿಧಾನವಾದರೆ ಗಾಳಿ ಸಾಲದು, ಬಿದ್ದ ಇಂಧನ ಟರ್ಬೈನ್ ಬ್ಲೇಡ್‌ಗಳ ಬಳಿಯೇ ಉರಿಯುತ್ತದೆ.

ಉತ್ತರ 2:
ಅರ್ಧ ಗಂಟೆ ನಿಂತ ಎಂಜಿನ್ನಿನೊಳಗೆ ಶಾಖ ಇನ್ನೂ ಇರುತ್ತದೆ. ಇಗ್ನಿಷನ್ ಆರಿಸಿ, ಕಂಡೀಷನ್ ಲಿವರನ್ನು ಫ್ಯೂಯೆಲ್ ಕಟ್-ಆಫ್‌ನಲ್ಲಿಟ್ಟು (ಇಂಧನ ಬೀಳದಂತೆ), ಬರೀ ಸ್ಟಾರ್ಟರ್‌ನಿಂದ ತಿರುಗಿಸಿ ಐಟಿಟಿ ಇಳಿಸಿ. ಆದರೆ ಇದಕ್ಕೆ ಹೊರಗಿನ ವಿದ್ಯುತ್ ಗಾಡಿ ಬೇಕು. ಸೊರಗಿದ ಬ್ಯಾಟರಿಯಿಂದ ಮಾಡಿದರೆ ಮುಂದಿನ ಸ್ಟಾರ್ಟ್ ಇನ್ನೂ ಬಿಸಿಯಾಗುತ್ತದೆ. ಸ್ಟಾರ್ಟರ್ ಲೆಕ್ಕ ಮರೆಯಬೇಡಿ: 40 ಸೆಕೆಂಡ್ ಓಟ, 60 ವಿಶ್ರಾಂತಿ, ಮೂರನೇ 40 ಆದಮೇಲೆ 30 ನಿಮಿಷ ಬಿಡಬೇಕು. 12 ಶೇಕಡಾ ಎನ್1 ಇಂಧನ ಬಿಡಲು ಕನಿಷ್ಠ ಮಿತಿ ಅಷ್ಟೇ. ಏರುವುದು ನಿಲ್ಲುವವರೆಗೆ ಕಾಯಿರಿ. ವಿಮಾನದ ಮೂಗು ಗಾಳಿಗೆ ಎದುರಾಗಿರಲಿ.

ಪ್ರಶ್ನೆ ಕೇಳಿದವರು:
ಎಡದ್ದನ್ನು ಮೊದಲು ಮಾಡಿದಾಗ ಅದು 890, ಬಲದ್ದು 770. ಎನ್1 13ರ ಮೇಲೆ ಏರಲಿಲ್ಲ.

ಉತ್ತರ 1:
ಹಾಗಾದರೆ ಬ್ಯಾಟರಿ ತೆಗೆದು ಸಾಮರ್ಥ್ಯ ಪರೀಕ್ಷೆ ಮಾಡಿಸಿ, ಕೇಬಲ್ ತುದಿಗಳ ಬಿಗಿಯನ್ನೂ ನೋಡಿಸಿ. ಅಲ್ಲಿಯವರೆಗೆ ಮರು ಸ್ಟಾರ್ಟ್‌ಗಳಿಗೆ ವಿದ್ಯುತ್ ಗಾಡಿಯನ್ನೇ ಬಳಸಿ.

ಉತ್ತರ 3:
ಬ್ಯಾಟರಿ ಸರಿಹೋಯಿತೆಂದು ನಾಝಲ್ ಸ್ವಚ್ಛತೆಯ ವೇಳಾಪಟ್ಟಿ ತಪ್ಪಿಸಬೇಡಿ. 14 ನಾಝಲ್‌ಗಳಲ್ಲಿ ಒಂದು ಕಟ್ಟಿಕೊಂಡು ಧಾರೆ ಕೆಟ್ಟರೂ ಮೀಟರ್ ಹೇಳುವುದಿಲ್ಲ, ಅದು ತೋರಿಸುವುದು ಎಲ್ಲ ತಾಪಸಂವೇದಕಗಳ ಸರಾಸರಿ. ಒಂದೇ ಕಡೆ ಬೀಳುವ ಆ ಬಿಸಿ ವೇನ್ ರಿಂಗನ್ನು (ಟರ್ಬೈನ್ ಮುಂದಿನ ತಿರುಗದ ಅಲಗುಗಳ ಬಳೆ) ಸುಡುತ್ತಿರುತ್ತದೆ. ನಾಝಲ್ ಬಿಚ್ಚಿದಾಗ ಅದೇ ತೂತಿನಿಂದ ಬೋರೋಸ್ಕೋಪ್ (ಒಳಗೆ ನೋಡುವ ಸಪೂರ ದರ್ಶಕ) ತೂರಿಸಿ ನೋಡಿಸಿ.