ಇಂಗ್ಲಿಷಿನ ‘ರನ್’: ನಮ್ಮಲ್ಲಿ ಓಡುವುದೇ, ನಡೆಯುವುದೇ, ಹರಿಯುವುದೇ?

ಹೋದ ವಾರ ಅಣ್ಣನ ಮಗಳು ನ್ಯೂಜೆರ್ಸಿಯಿಂದ ಫೋನ್ ಮಾಡಿದ್ದಳು. ಏಳು ವರ್ಷದ ಮಗು, ನೆಗಡಿಯಾಗಿತ್ತು. ‘ಚಿಕ್ಕಪ್ಪ, ನನ್ನ ಮೂಗು ಓಡ್ತಾ ಇದೆ’ ಅಂದಳು. ‘ಸೋರ್ತಾ ಇದೆ ಅನ್ನಬೇಕು ಪುಟ್ಟಿ’ ಅಂತ ತಿದ್ದಿದೆ. ‘ಯಾಕೆ?’ ಅಂದಳು. ಉತ್ತರ ಹೊಳೆಯಲಿಲ್ಲ. ಅಂದಿನಿಂದ ‘ರನ್’ ಪದದ ಹಿಂದೆ ಬಿದ್ದಿದ್ದೇನೆ.

ಅದು ಸಣ್ಣ ಪದವಲ್ಲ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಆವೃತ್ತಿಯಲ್ಲಿ ‘ಸೆಟ್’ ಕ್ರಿಯಾಪದಕ್ಕೆ 430 ಅರ್ಥಗಳಿದ್ದವು, ಅದೇ ಎಲ್ಲಕ್ಕಿಂತ ಜಾಸ್ತಿ. ನಿಘಂಟನ್ನು ಪರಿಷ್ಕರಿಸುವಾಗ ‘ರನ್’ ಅದನ್ನು ಹಿಂದೆ ಹಾಕಿತು. ಕ್ರಿಯಾಪದವಾಗಿಯೇ 645 ಅರ್ಥ! ಅವನ್ನು ವಿಂಗಡಿಸಲು ಒಬ್ಬ ಸಂಪಾದಕರಿಗೆ ಒಂಬತ್ತು ತಿಂಗಳು ಹಿಡಿಯಿತು.

ಕನ್ನಡ ಇಷ್ಟು ಕೆಲಸವನ್ನು ಒಂದೇ ಪದದ ಮೇಲೆ ಹೊರಿಸುವುದಿಲ್ಲ. ನದಿ ಹರಿಯುತ್ತದೆ. ಲಾರಿ ಯಾರದಾದರೂ ಮೇಲೆ ಹೋದರೂ ‘ಹರಿಯಿತು’ ಅಂತಲೇ ಪೇಪರಿನಲ್ಲಿ ಬರುತ್ತದೆ. ಒಗೆದ ಬಟ್ಟೆ ಬಣ್ಣ ಬಿಡುತ್ತದೆ. ಹಬ್ಬಕ್ಕೆ ಹೆಚ್ಚು ಬಸ್ ‘ಬಿಡುತ್ತಾರೆ’. ಮನೆಯಲ್ಲಿ ಹಾಲು ಆಗಿಹೋಗುತ್ತದೆ. ಸಂತೆಯಲ್ಲಿ ಹಳೆಯ ಗೆಳೆಯ ಸಿಗುತ್ತಾನೆ. ಇಂಗ್ಲಿಷಿನವರಿಗೆ ಇಷ್ಟೂ ‘ರನ್’.

ನನಗೆ ತುಂಬಾ ಹಿಡಿಸಿದ್ದು ‘ನಡೆ’ ಮತ್ತು ‘ಓಡು’ ನಡುವಿನ ಗೆರೆ. ಇಂಗ್ಲಿಷಿನವರು ಅಂಗಡಿ, ಶಾಲೆ, ಸಂಸಾರ ಎಲ್ಲವನ್ನೂ ಓಡಿಸುತ್ತಾರೆ. ನಾವು ನಡೆಸುತ್ತೇವೆ. ‘ಅವರು ಹೋಟೆಲ್ ನಡೆಸ್ತಾರೆ’ ಅಂತೀವಿ. ಆದರೆ ಜನ ಚೆನ್ನಾಗಿ ಬರುತ್ತಿದ್ದರೆ ಅದೇ ಹೋಟೆಲ್ ‘ಚೆನ್ನಾಗಿ ಓಡ್ತಿದೆ’! ಸಿನಿಮಾ ನೂರು ದಿನ ಓಡುತ್ತದೆ, ನಡೆಯುವುದಿಲ್ಲ. ತಲೆ ಓಡುತ್ತದೆ, ಪುಟದ ಮೇಲೆ ಕಣ್ಣು ಓಡಿಸುತ್ತೇವೆ. ನನಗೆ ತೋಚುವುದು ಹೀಗೆ: ದಿನಾ ಎದ್ದು ಜವಾಬ್ದಾರಿಯಿಂದ ನೋಡಿಕೊಳ್ಳುವುದು ‘ನಡೆಸು’, ತಾನಾಗಿ ವೇಗ ಹಿಡಿದದ್ದು ‘ಓಡು’. ಹಾಗಾದರೆ ಗಾಡಿ? ಅದನ್ನು ಓಡಿಸುತ್ತೇವೆ, ಉತ್ತರ ಕರ್ನಾಟಕದಲ್ಲಿ ‘ಹೊಡೀತಾರೆ’. ಇಲ್ಲಿ ನನ್ನ ಗೆರೆ ಸ್ವಲ್ಪ ಅಳುಕುತ್ತದೆ.

ಚುನಾವಣೆಯ ಮಾತು ಬೇರೆ. ಅಮೆರಿಕದವರು ಅದಕ್ಕೆ ಓಡುತ್ತಾರೆ, ಬ್ರಿಟನ್ನಿನವರು ನಿಲ್ಲುತ್ತಾರೆ. ನಾವೂ ನಿಲ್ಲುವವರೇ.

‘ಇನ್ ದಿ ಲಾಂಗ್ ರನ್’ ಅನ್ನುವುದಕ್ಕೆ ಅನುವಾದಗಳಲ್ಲಿ ‘ದೀರ್ಘಾವಧಿಯಲ್ಲಿ’ ಅಂತ ಬರೆಯುತ್ತಾರೆ. ತಪ್ಪಲ್ಲ. ಆದರೆ ಮನೆಯಲ್ಲಿ ‘ಬರ್ತಾ ಬರ್ತಾ ಸರಿಹೋಗುತ್ತೆ’ ಅಂತೀವಿ ಅಲ್ವಾ? ಅದನ್ನು ಯಾಕೆ ಬರೆಯಬಾರದು? 2021ರ ಜನವರಿಯಲ್ಲಿ ಕೋವಿಡ್ ಲಸಿಕೆಯ ‘ಡ್ರೈ ರನ್’ ದೇಶದ ಎಲ್ಲ ರಾಜ್ಯಗಳಲ್ಲೂ ನಡೆಯಿತು. ಅದಕ್ಕೆ ‘ತಾಲೀಮು’ ಅನ್ನುವ ಒಳ್ಳೆಯ ಪದ ನಮ್ಮಲ್ಲಿ ಮೊದಲೇ ಇದೆ. ನಾಟಕದವರೂ ಪೈಲ್ವಾನರೂ ಬಳಸಿ ಪಳಗಿದ ಪದ.

ಈಗ ನಿಮ್ಮಲ್ಲಿ ಕೇಳಬೇಕಾದದ್ದು. ಕಂಪ್ಯೂಟರಿನಲ್ಲಿ ಪ್ರೋಗ್ರಾಂ ‘ರನ್’ ಮಾಡುವುದಕ್ಕೆ ಏನನ್ನೋಣ? ‘ಚಲಾಯಿಸು’ ಅಂತ ಕೆಲವು ಕಡೆ ಕಾಣುತ್ತದೆ, ಆದರೆ ಬಾಯಿಮಾತಿನಲ್ಲಿ ನಾನು ಕೇಳಿಲ್ಲ. ನನ್ನ ಒಲವು ‘ಓಡಿಸು’ ಕಡೆಗೆ. ಒಮ್ಮೆ ಶುರು ಮಾಡಿದರೆ ಪ್ರೋಗ್ರಾಂ ತಾನೇ ಮುಂದೆ ಹೋಗುತ್ತದಲ್ಲ, ಅದಕ್ಕೆ. ಇನ್ನು ‘ನಡೆಸು’ ಸರಿ ಅನ್ನಿಸುವವರಿದ್ದರೆ, ನಿಮ್ಮ ಊರಿನ ಮಾತಿನಿಂದ ಒಂದೆರಡು ವಾಕ್ಯ ಕೊಟ್ಟು ತಿಳಿಸಿ.