ಅಪರೂಪದ ಇಂಗ್ಲಿಷ್ ಪದಗಳು: ಮೂಲ ತಿಳಿದು ಕಲಿಯುವುದರಿಂದ ಪ್ರಯೋಜನವಿದೆಯೇ?

ಪ್ರಶ್ನೆ:
ಕನ್ನಡ ಮಾಧ್ಯಮದಲ್ಲಿ ಓದಿದ ನಾನು ಈಗ ವಿದೇಶದಲ್ಲಿ ಸ್ನಾತಕೋತ್ತರ ಪ್ರವೇಶಕ್ಕೆ ಬರೆಯುವ ಜಿಆರ್‌ಇ ಪರೀಕ್ಷೆಗೆ ಸಿದ್ಧತೆ ನಡೆಸುತ್ತಿದ್ದೇನೆ. ಪಟ್ಟಿ ಹಿಡಿದು ಬಾಯಿಪಾಠ ಮಾಡಿದ ಪದಗಳು ವಾರ ಕಳೆಯುವಷ್ಟರಲ್ಲಿ ಮರೆತುಹೋಗುತ್ತವೆ. ನೆನಪಿದ್ದವನ್ನೂ ಎಲ್ಲಿ ಬಳಸಬೇಕೆಂಬುದು ತಿಳಿಯುವುದಿಲ್ಲ. ಪದಗಳ ಮೂಲ ತಿಳಿದು ಕಲಿಯಬೇಕೆಂದು ಹಲವರು ಹೇಳುತ್ತಾರೆ. ಪರೀಕ್ಷೆ ಹತ್ತಿರವಿರುವಾಗ ಲ್ಯಾಟಿನ್, ಗ್ರೀಕ್ ಎಂದು ಹೊರಡುವುದು ಸುತ್ತುದಾರಿಯಾಗುವುದಿಲ್ಲವೇ? ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1:
ಎಲ್ಲ ಪದಗಳಿಗೂ ಇದು ಬೇಕಿಲ್ಲ. ಆದರೆ ಹಿಂದೆ ಒಂದು ಆಚರಣೆಯೋ ಘಟನೆಯೋ ಇರುವ ಪದವನ್ನು ಅದರೊಂದಿಗೇ ಕಲಿಯುವುದು ಲೇಸು. ‘ಆಸ್ಟ್ರಸೈಸ್’ ಪದವನ್ನೇ ನೋಡಿ. ಕ್ರಿ.ಪೂ. 5ನೇ ಶತಮಾನದ ಅಥೆನ್ಸ್‌ನಲ್ಲಿ, ಮಿತಿಮೀರಿ ಬೆಳೆಯುತ್ತಿದ್ದಾನೆಂದು ಜನರಿಗೆ ಅನಿಸಿದ ನಾಯಕನನ್ನು ಮತ ಹಾಕಿ 10 ವರ್ಷ ಗಡೀಪಾರು ಮಾಡುವ ಪದ್ಧತಿಯಿತ್ತು. ಒಡೆದ ಮಡಕೆಯ ಚೂರೇ ಮತಪತ್ರ. ಅದರ ಮೇಲೆ ಹೆಸರು ಗೀಚಿ ಹಾಕಬೇಕಿತ್ತು. ಆ ಚೂರಿಗೆ ಗ್ರೀಕರು ‘ಆಸ್ಟ್ರಕಾನ್’ ಎನ್ನುತ್ತಿದ್ದರು. ಸಲಾಮಿಸ್‌ನಲ್ಲಿ ಪರ್ಷಿಯನ್ನರನ್ನು ಸೋಲಿಸಿದ ಥೆಮಿಸ್ಟೊಕ್ಲಿಸ್‌ನೂ ಹೀಗೆ ಹೊರಬಿದ್ದವನೇ. ಅವನ ಹೆಸರಿರುವ ಸುಮಾರು 190 ಚೂರುಗಳು ಅಥೆನ್ಸ್‌ನ ಕೋಟೆಗುಡ್ಡವಾದ ಆಕ್ರೊಪೊಲಿಸ್‌ನ ಪಕ್ಕದ ಬಾವಿಯೊಂದರಲ್ಲಿ ಸಿಕ್ಕಿವೆ. ಅವೆಲ್ಲ ಕೆಲವೇ ಮಂದಿಯ ಕೈಬರಹವಾದ್ದರಿಂದ, ವಿರೋಧಿಗಳು ಹಂಚುವುದಕ್ಕೆಂದು ಮೊದಲೇ ಬರೆದಿಟ್ಟಿದ್ದರೆಂದು ವಿದ್ವಾಂಸರು ಊಹಿಸುತ್ತಾರೆ. (ಚುನಾವಣೆಯ ಕೈಚಳಕ ಇಂದಿನದಲ್ಲ.) ಇಷ್ಟು ತಿಳಿದ ಮೇಲೆ, ಇದು ಒಬ್ಬರು ಇನ್ನೊಬ್ಬರನ್ನು ಕಡೆಗಣಿಸುವ ಮಾತಲ್ಲ, ಒಂದು ಸಮುದಾಯವೇ ಸೇರಿ ಒಬ್ಬರನ್ನು ಹೊರಗಿಡುವ ಮಾತು ಎಂಬುದು ಮರೆಯುವಂತಿಲ್ಲ.

ಉತ್ತರ 2:
ಕನ್ನಡ ಮಾಧ್ಯಮದವರಿಗೆ ಇಲ್ಲಿ ಒಂದು ಅನುಕೂಲವೂ ಇದೆ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಬಂದಿರಬೇಕೆಂದು ಭಾಷಾ ವಿದ್ವಾಂಸ ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ಹೇಳಿದರು. ನಮ್ಮ ತತ್ಸಮ ಪದಗಳು ಆ ನಂಟನ್ನು ಉಳಿಸಿಕೊಂಡಿವೆ. ‘ಆಜಾನುಬಾಹು’ವಿನಲ್ಲಿರುವ ಜಾನು, ಅಂದರೆ ಮೊಣಕಾಲು, ‘ಜೆನ್ಯುಫ್ಲೆಕ್ಟ್’ ಪದದ ಮೊದಲರ್ಧದ ಸೋದರ. ಅದರ ಅರ್ಥ ಮೊಣಕಾಲು ಬಾಗಿಸಿ ವಂದಿಸುವುದು. ಭೂಗೋಳದ ಪಾಠದಲ್ಲಿ ಓದಿದ ಅಗ್ನಿಶಿಲೆಗೆ ಇಂಗ್ಲಿಷಿನಲ್ಲಿ ‘ಇಗ್ನಿಯಸ್’ ಎಂಬ ವಿಶೇಷಣವಿರುವುದೂ ಹೀಗೆಯೇ. ಆದರೆ ಸದ್ದು ಹೋಲುವುದೆಲ್ಲ ಬಂಧುವಲ್ಲ: ‘ಡೀಟಿ’ (ದೇವತೆ) ಪದದ ಮೂಲವಾದ ಲ್ಯಾಟಿನ್ನಿನ ‘ದೇಉಸ್’ ನಮ್ಮ ದೇವನ ಸಂಬಂಧಿ, ‘ಥಿಯಾಲಜಿ’ (ದೇವತಾಶಾಸ್ತ್ರ) ಪದದ ಮೂಲವಾದ ಗ್ರೀಕಿನ ‘ಥೆಯೋಸ್’ ಅಲ್ಲ.

ಉತ್ತರ 3:
ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತೇನೆ, ಆದರೆ ಮೂಲಾರ್ಥವನ್ನೇ ಇಂದಿನ ಅರ್ಥವೆಂದು ನಂಬಿ ಪರೀಕ್ಷೆಗೆ ಕುಳಿತರೆ ಅಂಕ ಹೋಗುತ್ತದೆ. ರೋಮನ್ ಸೈನ್ಯದಲ್ಲಿ ದಂಗೆಯೆದ್ದ ತುಕಡಿಯಿಂದ ಚೀಟಿಯೆತ್ತಿ 10 ಮಂದಿಗೆ ಒಬ್ಬನನ್ನು ಕೊಲ್ಲುವ ಶಿಕ್ಷೆಯಿಂದ ‘ಡೆಸಿಮೇಟ್’ ಬಂದಿತು. ಇಂದು ಅದನ್ನು ಬಹುಪಾಲು ನಾಶಮಾಡುವುದಕ್ಕೆ ಬಳಸುತ್ತಾರೆ. ರಂಜಕವಾದ ಕಥೆಗಳನ್ನಂತೂ ಮೊದಲು ಅನುಮಾನಿಸಬೇಕು. ಭಾರತಕ್ಕೆ ಬರುವಾಗ ಹಡಗಿನ ಎಡಬದಿ, ಹಿಂದಿರುಗುವಾಗ ಬಲಬದಿ ಎಂದು ಸಿರಿವಂತರು ಕಾಯ್ದಿರಿಸುತ್ತಿದ್ದ ತಂಪಾದ ಕೋಣೆಗಳ ಟಿಕೆಟ್ಟಿನ ನಾಲ್ಕು ಅಕ್ಷರಗಳಿಂದ (‘ಪೋರ್ಟ್ ಔಟ್, ಸ್ಟಾರ್‌ಬೋರ್ಡ್ ಹೋಮ್’ ಎಂಬುದರ ಮೊದಲಕ್ಷರಗಳು) ಸಿರಿವಂತಿಕೆಯ ಠೀವಿಯನ್ನು ಸೂಚಿಸುವ ‘ಪಾಶ್’ ಹುಟ್ಟಿತೆಂಬ ಕಥೆ ಇಂದಿಗೂ ಓಡಾಡುತ್ತಿದೆ, ಅಂಥ ಟಿಕೆಟ್ ಮಾತ್ರ ಒಂದೂ ಸಿಕ್ಕಿಲ್ಲ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಹಾಗಾದರೆ ಕಥೆ ನಿಜವೋ ಅಲ್ಲವೋ ಎಂಬುದನ್ನು ಎಲ್ಲಿ ನೋಡಬೇಕು?

ಉತ್ತರ 3:
1884ರಿಂದ 1928ರವರೆಗೆ ಕಂತುಗಳಾಗಿ ಹೊರಬಂದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಪ್ರತಿ ಅರ್ಥಕ್ಕೂ ಹಳೆಯ ಪ್ರಯೋಗಗಳನ್ನು ಇಸವಿ ಸಮೇತ ಕೊಡುತ್ತದೆ. ಅದರ ಪರಿಷ್ಕೃತ ರೂಪ ಈಗ ಅಂತರಜಾಲದಲ್ಲಿದೆ, ಆದರೆ ಚಂದಾ ಬೇಕು. ನಿಮ್ಮ ಪರೀಕ್ಷೆಗೆ ಮೆರಿಯಮ್-ವೆಬ್‌ಸ್ಟರ್‌ನ ಉಚಿತ ಜಾಲತಾಣ ಸಾಕು. ಅಲ್ಲಿ ಮೂಲದ ಜೊತೆಗೆ ಇತ್ತೀಚಿನ ಪತ್ರಿಕೆಗಳಿಂದ ಆಯ್ದ ವಾಕ್ಯಗಳೂ ಇರುತ್ತವೆ. ಮೊದಲು ಅವನ್ನು ಓದಿ, ಆಮೇಲೆ ಮೂಲಕ್ಕೆ ಹೋಗಿ.