ವಿಭಾಗ ದಾವೆಗೆ ಕೋರ್ಟ್ ಫೀ ಎಷ್ಟು? 200 ರೂಪಾಯಿಯೋ, ಪಾಲಿನ ಬೆಲೆ ಮೇಲೋ?

ಬದುವಿನಂಚು:
ತಂದೆ ಉಯಿಲು ಬರೆಯದೆ ತೀರಿಕೊಂಡಿದ್ದಾರೆ. ತಾಯಿ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಪಹಣಿ ದೊಡ್ಡ ಮಗನ ಹೆಸರಿಗೆ ಆಗಿದೆ. ಮಗಳ ಪಾಲಿಗೆ ದಾವೆ ಹಾಕಲು ಒಬ್ಬ ವಕೀಲರು ಕೋರ್ಟ್ ಫೀ 200 ಸಾಕು ಎನ್ನುತ್ತಾರೆ, ಇನ್ನೊಬ್ಬರು ಮಾರುಕಟ್ಟೆ ಬೆಲೆ ಮೇಲೆ ಕಟ್ಟಬೇಕು ಎನ್ನುತ್ತಾರೆ. ಗೆದ್ದರೆ ಖರ್ಚು ವಾಪಸ್ ಬರುತ್ತದೆಯೇ?

ಹಳೇಕಡತ:
ಇಬ್ಬರ ಮಾತೂ ಸರಿ, ವಾದಪತ್ರದಲ್ಲಿ (ದಾವೆ ಹೂಡಲು ಕೋರ್ಟಿಗೆ ಕೊಡುವ ಬರಹದಲ್ಲಿ) ಏನು ಬರೆಯುತ್ತೀರಿ ಎನ್ನುವುದರ ಮೇಲೆ ನಿಂತಿದೆ. ಕರ್ನಾಟಕದ 1958ರ ಕೋರ್ಟ್ ಫೀ ಕಾಯ್ದೆಯ 35ನೇ ಕಲಂ ನೋಡಿ. ಜಂಟಿ ಸ್ವಾಧೀನದಲ್ಲಿದ್ದೇನೆ ಎಂದರೆ ನಿಗದಿತ ಫೀ: ಪಾಲಿನ ಬೆಲೆ 10,000 ದಾಟಿದರೆ 200 ರೂಪಾಯಿ. ಸ್ವಾಧೀನದಿಂದ ಹೊರಗಿಟ್ಟಿದ್ದಾರೆ ಎಂದರೆ ನಿಮ್ಮ ಪಾಲಿನ ಮಾರುಕಟ್ಟೆ ಬೆಲೆ ಮೇಲೆ ಫೀ.

ಎಡವುವುದು ಇಲ್ಲೇ. "ಅಣ್ಣ ನನ್ನನ್ನು ಜಮೀನಿಗೆ ಕಾಲಿಡಲು ಬಿಡದೆ ಹೊರಹಾಕಿದ್ದಾನೆ" ಎಂದು ಸಿಟ್ಟಿನಲ್ಲಿ ಬರೆಸಿದ ಒಂದೇ ಸಾಲು ಸಾಕು, ಎದುರು ವಕೀಲರು ಫೀ ಸಾಲದು ಎಂದು ತಕರಾರು ಎತ್ತುತ್ತಾರೆ. ಮದುವೆಯಾಗಿ ಬೇರೆ ಊರಲ್ಲಿರುವುದು, ಪಹಣಿ ಅಣ್ಣನ ಹೆಸರಿಗೆ ಇರುವುದು, ಇಷ್ಟರಿಂದಲೇ ಸ್ವಾಧೀನ ತಪ್ಪುವುದಿಲ್ಲ. ಒಬ್ಬ ಪಾಲುದಾರನ ಸ್ವಾಧೀನ ಕಾನೂನಿನ ಕಣ್ಣಿಗೆ ಎಲ್ಲರ ಸ್ವಾಧೀನ. ಹಾಗೆಂದು ಫೀ ಉಳಿಸಲು ಸುಳ್ಳು ಬರೆಸಬೇಡಿ. ನಿಜಕ್ಕೂ ಹೊರಗಿಟ್ಟಿದ್ದರೆ, ಅದು ತಿಳಿದ ದಿನದಿಂದ 12 ವರ್ಷದೊಳಗೆ ದಾವೆ ಹಾಕಬೇಕು.

ತಾಯಿಯನ್ನೂ ಇಬ್ಬರು ಅಣ್ಣಂದಿರನ್ನೂ ಪ್ರತಿವಾದಿ ಮಾಡಿ, ಕುಟುಂಬದ ಎಲ್ಲ ಸ್ವತ್ತನ್ನೂ ವಾದಪತ್ರದ ಸ್ವತ್ತಿನ ಪಟ್ಟಿಯಾದ ಷೆಡ್ಯೂಲ್‌ಗೆ ಸೇರಿಸಿ. ಒಂದು ಸೈಟ್ ಬಿಟ್ಟರೂ "ಭಾಗಶಃ ವಿಭಾಗ" ಎಂಬ ಆಕ್ಷೇಪಣೆ ಬರುತ್ತದೆ. ಅದಕ್ಕೇ ವಂಶವೃಕ್ಷ, ಪಹಣಿ, ಋಣಭಾರ ಪತ್ರ (ಸ್ವತ್ತಿನ ಮೇಲಿನ ಸಾಲ, ಮಾರಾಟದ ದಾಖಲೆ) ಮೊದಲೇ ತೆಗೆಸಿಕೊಳ್ಳಿ.

ತೂಕದಕಲ್ಲು:
ಖರ್ಚು ವಾಪಸ್ ಬರುತ್ತದೆ ಎಂದು ನಂಬಿ ಕೂರಬೇಡಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 35ನೇ ಕಲಂ ಪ್ರಕಾರ ಕೋರ್ಟ್ ಖರ್ಚು ಕೊಡಿಸಬಹುದು. ಆದರೆ ಕುಟುಂಬದ ವಿಭಾಗದಲ್ಲಿ "ಅವರವರ ಖರ್ಚು ಅವರವರೇ ಭರಿಸತಕ್ಕದ್ದು" ಎಂಬ ಆದೇಶವೇ ಹೆಚ್ಚು. ಮಹಿಳೆಗೆ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಆದಾಯ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ, ಸಂಕೋಚ ಬೇಡ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟ್ ಫೀ ಹಿಂದಿರುಗುತ್ತದೆ.

ಬಂದ ಜಮೀನಿನಲ್ಲಿ ಇಷ್ಟು ಪರ್ಸೆಂಟ್ ಕೊಡಿ ಎಂದು ಕೇಳುವ ವಕೀಲರಿಂದ ದೂರವಿರಿ. ಬಾರ್ ಕೌನ್ಸಿಲ್ ನಿಯಮ ಅದನ್ನು ನಿಷೇಧಿಸಿದೆ.

ಬದುವಿನಂಚು:
ತುಂಬಾ ಉಪಕಾರವಾಯಿತು. ಡಿಕ್ರಿ ಆದ ಕೂಡಲೇ ಜಮೀನು ಕೈಗೆ ಬರುತ್ತದೆಯೇ?

ಹಳೇಕಡತ:
ಇಲ್ಲ. ಮೊದಲು ಬರುವುದು ಪ್ರಾಥಮಿಕ ಡಿಕ್ರಿ. ಅದರಲ್ಲಿ ಯಾರಿಗೆ ಎಷ್ಟು ಪಾಲು ಎಂದಷ್ಟೇ ಇರುತ್ತದೆ, ಬಾವಿ ಇರುವ ಮೂಲೆ ಯಾರಿಗೆ ಎಂದು ಇರುವುದಿಲ್ಲ. ಅದು ಅಂತಿಮ ಡಿಕ್ರಿಯಲ್ಲಿ. ಮನೆ, ಸೈಟ್ ಆದರೆ ಕೋರ್ಟ್ ಕಮಿಷನರ್ ಅಳೆದು ನಕ್ಷೆ ಸಮೇತ ವರದಿ ಕೊಡುತ್ತಾರೆ. ಕಂದಾಯ ಕಟ್ಟುವ ಜಮೀನಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 54ನೇ ಕಲಂ ಪ್ರಕಾರ ಕಂದಾಯ ಅಧಿಕಾರಿಗಳ ಮೂಲಕ ಹಿಸ್ಸೆ ಆಗುತ್ತದೆ. ಕಮಿಷನರ್ ಫೀ, ಅಂತಿಮ ಡಿಕ್ರಿಯ ಛಾಪಾ ಕಾಗದ, ಎರಡಕ್ಕೂ ದುಡ್ಡು ಎತ್ತಿಡಿ. ಪ್ರಾಥಮಿಕ ಡಿಕ್ರಿ ಕೈಗೆ ಬಂತೆಂದು ಸುಮ್ಮನೆ ಕೂತರೆ ಆ ಕಡತದಲ್ಲಿ ಪಾಲು ಇರುತ್ತದೆ, ಹೊಲ ಅಣ್ಣನ ಉಳುಮೆಯಲ್ಲೇ ಇರುತ್ತದೆ.